ಫೋಟೊ ಹಿಂದಿನ ಬರಹ ತಿದ್ದಿಸಿದವರಿಗೆ

ಮೂರು ವರ್ಷದ ಕೆಲಸ ಮೊನ್ನೆ ಭಾನುವಾರ ಮುಗಿಯಿತು. ಅಜ್ಜ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಕೂಡಿಟ್ಟಿದ್ದ ಹಳೆ ಮೈಸೂರು ಸಂಸ್ಥಾನದ ಫೋಟೊಗಳೆಲ್ಲ ಸ್ಕ್ಯಾನ್ ಆದವು. ನನ್ನೊಬ್ಬನ ಕೈಲಿ ಆಗುವ ಕೆಲಸವಾಗಿರಲಿಲ್ಲ, ಅದಕ್ಕೇ ಈ ಬರಹ.

ಸ್ಕ್ಯಾನ್ ಮಾಡುವುದು ಸುಲಭ. ಚಿತ್ರದಲ್ಲಿ ಯಾರಿದ್ದಾರೆ, ಎಲ್ಲಿದ್ದಾರೆ ಅಂತ ಹೇಳುವುದೇ ಕಷ್ಟ. ಒಂದು ಫೋಟೊ ಹಿಂದೆ ಪೆನ್ಸಿಲ್‌ನಲ್ಲಿ ‘ದಸರಾ ಸವಾರಿ’ ಅಂತಿತ್ತು. ಅಜ್ಜನದೇ ಕೈಬರಹ, ಅನುಮಾನ ಯಾಕೆ ಬರುತ್ತೆ? ಸಾಲು ಕುದುರೆ, ಭರ್ಜಿ ಹಿಡಿದ ಸವಾರರು. ನಾನೂ ಹಾಗೇ ಟೈಪ್ ಮಾಡಿದ್ದೆ. ನಿವೃತ್ತ ಸುಬೇದಾರರೊಬ್ಬರು ಮಸೂರ ಹಿಡಿದು ನೋಡಿ, “ಪೇಟ ಬಿಡಿ, ನೆಲ ನೋಡಿ” ಅಂದರು. ಗೊರಸು ಮುಚ್ಚುವಷ್ಟು ಮರಳು! ಜೀನಿನ ಪಕ್ಕದಲ್ಲಿ ಮೇವಿನ ಚೀಲ. ದಸರೆಗೆ ಯಾರು ಮೇವು ಕಟ್ಟಿಕೊಂಡು ಹೋಗುತ್ತಾರೆ, ಅಲ್ವಾ? ಅದು ಮೊದಲ ಮಹಾಯುದ್ಧಕ್ಕೆ ಹೋಗಿದ್ದ ಮೈಸೂರು ಲ್ಯಾನ್ಸರ್ಸ್, ಸಂಸ್ಥಾನದ ಕುದುರೆ ಪಡೆ. ಮೊದಲು ಸೂಯೆಜ್ ಕಾಲುವೆ ಕಾದರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದ ಸವಾರರು ಊರಿಗೆ ನುಗ್ಗಿದರೆ, ಕಾರ್ಮೆಲ್ ಬೆಟ್ಟದ ಮೇಲಿನ ಶತ್ರು ಫಿರಂಗಿಗಳತ್ತ ಹತ್ತಿದವರು ನಮ್ಮವರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಇವರದೇ. ಸುಬೇದಾರ್ ಸಾಹೇಬರೇ, ನಿಮ್ಮ ಮಸೂರ ಇನ್ನೂ ನನ್ನ ಹತ್ತಿರವೇ ಇದೆ. ತಂದು ಕೊಡುತ್ತೇನೆ.

ಇನ್ನೊಂದು 1947ರದು, ಮೈಸೂರು ಚಲೋ ಚಳವಳಿಯದು. ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಇಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಜನರಿಗೆ ಉತ್ತರ ಕೊಡುವ ಸರ್ಕಾರಕ್ಕಾಗಿ, ಜನ ಮತ್ತೆ ಬೀದಿಗಿಳಿಯಬೇಕಾಯಿತು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರ್ ಕೊನೆಗೆ. ಚಿತ್ರದಲ್ಲಿ ಗಾಂಧಿ ಟೋಪಿ ಬಿಟ್ಟರೆ ಏನೂ ಕಾಣುವುದಿಲ್ಲ ಅಂದುಕೊಂಡಿದ್ದೆ. ಹಿಂದಿನ ಬೀದಿಯ ಅಜ್ಜಿ, ಮೂಲೆಯ ಕಾಂಪೌಂಡ್ ಮೇಲೆ ಕೂತ ಹುಡುಗನ ಮೇಲೆ ಬೆರಳಿಟ್ಟು “ನಮ್ಮಣ್ಣ” ಅಂದರು. ಶಾಲೆ ತಪ್ಪಿಸಿ ಹೋಗಿದ್ದಕ್ಕೆ ಅವತ್ತು ಮನೆಯಲ್ಲಿ ಏಟು ಬಿತ್ತಂತೆ. ಅಜ್ಜಿ, ಫ್ರೇಮ್ ಹಾಕಿಸಿದ್ದೇನೆ, ಸಂಜೆ ಬರುತ್ತೇನೆ.

ಎರಡನೇ ವರ್ಷ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಎಂಟು ತಿಂಗಳ ಕೆಲಸ ಹೋಯಿತು ಅಂತ ನನಗೆ ಎರಡು ದಿನ ಊಟ ಸೇರಲಿಲ್ಲ. ಯಾರಿಗೂ ಹೇಳದೆ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದ ತಮ್ಮನೇ, ಇನ್ಮೇಲೆ ನಿನ್ನನ್ನು ಸೋಮಾರಿ ಅನ್ನುವುದಿಲ್ಲ. ಸ್ವಲ್ಪ ದಿನ.

ಅಮ್ಮಾ, ಊಟದ ಮೇಜು ಖಾಲಿ ಮಾಡಿದ್ದೇನೆ.