ಆ 98 ಅನ್ನು ನಂಬಬೇಡ

ಅರಸೀಕೆರೆ
ಸೋಮವಾರ ರಾತ್ರಿ

ಚಿ. ಸೌ. ಮಗಳಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಕಾಗದ ಮಧ್ಯಾಹ್ನ ಕೈಸೇರಿತು. ಕಾಫಿ ರೇಟು, ಮೂಡಿಗೆರೆಯ ಮಳೆ, ಮೂರು ದಿನ ಕರೆಂಟಿಲ್ಲದ್ದು, ಪೊಲೀಸ್ ಅಂತ ಸುಳ್ಳು ಹೇಳಿದವನ ವಿಡಿಯೊ ಕರೆ ಎಲ್ಲ ಓದಿದೆ. ಆದರೆ ಸಹಿಗೆ ಮುಂಚೆ ಅವಸರದಲ್ಲಿ ಎರಡು ಸಾಲು ಗೀಚಿದ್ದೀಯಲ್ಲ: ಪಾಪು ಬಚ್ಚಲಿಂದ ಬಂದವಳು ತಲೆ ಸುತ್ತುತ್ತೆ ಅಂದಳು, ವಾಂತಿಯೂ ಆಯ್ತು, ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಆಕ್ಸಿಜನ್ 98 ಇತ್ತು, ನೀರು ಜಾಸ್ತಿ ಬಿಸಿಯಾಗಿರಬೇಕು ಅಂತ. ಅದನ್ನು ಓದಿದ ಮೇಲೆ ಊಟ ಸೇರಲಿಲ್ಲ. ಇದು ಬಚ್ಚಲ ಗ್ಯಾಸ್ ಗೀಸರಿನ ಕಾಟ ಅಂತ ಸಂಜೆ ಫೋನಿನಲ್ಲಿ ಹೇಳಿದೆ, ನೀನು "ಆಯ್ತು ದೊಡ್ಡಪ್ಪ" ಅಂದೆ. ನಿನ್ನ ಆಯ್ತು ನನಗೆ ಗೊತ್ತಿಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು.

ಆ 98 ಅನ್ನು ನಂಬಬೇಡ ಕಣಮ್ಮ. ಕೊರೊನಾ ಕಾಲದಲ್ಲಿ ಕೊಂಡ ಆ ಮೀಟರು ಬೆರಳಿನೊಳಗೆ ಎರಡು ಬಗೆಯ ಬೆಳಕು ಹಾಯಿಸಿ ರಕ್ತ ಎಷ್ಟು ಕೆಂಪಗಿದೆ ಎಂದು ನೋಡುತ್ತದೆ, ಅಷ್ಟೇ. ಗಾಳಿ ಸಾಲದೆ ಗೀಸರಿನ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹಾಗೆ ಹಿಡಿದ ರಕ್ತವೂ ಕೆಂಪಗೇ ಇರುವುದರಿಂದ ಮೀಟರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಗು ಕಣ್ಣು ಮುಚ್ಚುತ್ತಿದ್ದರೂ ಅದು 98 ತೋರಿಸಬಲ್ಲದು. ಸರಿಯಾಗಿ ತಿಳಿಯುವುದು ಆಸ್ಪತ್ರೆಯ ರಕ್ತಪರೀಕ್ಷೆಯಲ್ಲಿ ಮಾತ್ರ. ಅದೂ ತಡಮಾಡಿದರೆ ಸಿಗುವುದಿಲ್ಲ, ಮಾಮೂಲಿ ಗಾಳಿಯಲ್ಲಿ ನಾಲ್ಕೈದು ಗಂಟೆಗೆ ಅರ್ಧದಷ್ಟು ಇಳಿದುಹೋಗುತ್ತದೆ. ಆದರೂ ಪಾಪುವನ್ನು ಡಾಕ್ಟರಿಗೆ ತೋರಿಸು. ಬರೀ ತಲೆಸುತ್ತು ಅನ್ನಬೇಡ, "ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ" ಅನ್ನು. ಆ ಒಂದು ಮಾತು ಹೇಳದಿದ್ದರೆ ಪಿತ್ತ ಅಂತ ಮಾತ್ರೆ ಕೊಟ್ಟು ಕಳಿಸಿಯಾರು.

ವಾಸನೆ ಏನೂ ಬರಲಿಲ್ಲ ಅಂದೆ ನೀನು ಫೋನಿನಲ್ಲಿ. ಬರುವುದೇ ಇಲ್ಲ. ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವ ವಾಸನೆ ಕಂಪನಿಯವರು ಬೇಕಂತಲೇ ಬೆರೆಸಿದ್ದು, ಉರಿದ ಮೇಲೆ ಅದು ಉಳಿಯುವುದಿಲ್ಲ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆಯಿಲ್ಲ.

ಬೇಸಿಗೆಯಲ್ಲಿ ಆಗದ್ದು ಈಗೇಕೆ ಅಂತ ನೀನು ಕೇಳಿದೆ. ಈಗ ನಲ್ಲಿ ನೀರು ಕೊರೆಯುತ್ತದೆ, ಅಷ್ಟೇ ಬಿಸಿಗೆ ಗ್ಯಾಸ್ ಹೆಚ್ಚು ಹೊತ್ತು ಉರಿಯಬೇಕು. ಎರಚಲು ಬರುತ್ತೆ ಅಂತ ಗವಾಕ್ಷಿಗೆ ಗೋಣಿಚೀಲ ತುರುಕಿದ್ದೀಯ. ಪಾಪು ಎಲ್ಲರ ಸ್ನಾನ ಆದ ಮೇಲೆ ಕೊನೆಗೆ ಹೋಗುತ್ತಾಳೆ, ಹೌದು ತಾನೆ? ಒಬ್ಬರ ಹಿಂದೊಬ್ಬರು ಹೋದಂತೆ ಒಳಗಿನ ಗಾಳಿ ಕೆಡುತ್ತಾ ಬಂದಿರುತ್ತದೆ, ಕೊನೆಯವರಿಗೆ ಅತಿ ಕೆಟ್ಟದ್ದು. ಮಕ್ಕಳು ಉಸಿರಾಡುವುದೂ ನಮಗಿಂತ ವೇಗವಾಗಿ. ಲೆಕ್ಕ ಹಾಕಿದೆ ನೋಡು. ನಿಮಿಷಕ್ಕೆ 6 ಲೀಟರಿನ ಗೀಸರು ಗಂಟೆಗೆ ಸುಮಾರು 900 ಗ್ರಾಂ ಗ್ಯಾಸ್ ಸುಡುತ್ತದೆ, ಹತ್ತು ನಿಮಿಷಕ್ಕೆ 150 ಗ್ರಾಂ. ಅಷ್ಟು ಗ್ಯಾಸಿಗೆ ಸುಮಾರು 2 ಘನ ಮೀಟರ್ ಗಾಳಿ ಬೇಕು. ನಿನ್ನ ಬಚ್ಚಲು 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರ, ಒಟ್ಟು 9 ಘನ ಮೀಟರ್ ಕೂಡ ಇಲ್ಲ. ಹತ್ತೇ ನಿಮಿಷಕ್ಕೆ ಐದರಲ್ಲೊಂದು ಪಾಲು ಗಾಳಿ ಮುಗಿಯಿತು. ಆಮೇಲೆ ಉರಿ ಅರೆಹೊಟ್ಟೆಯಲ್ಲೇ ಉರಿಯಬೇಕು. 20 ನಿಮಿಷಕ್ಕೆ ತಾನೇ ಆರುತ್ತೆ ಅಂತ ಅಂಗಡಿಯವನು ಹೇಳಿರುತ್ತಾನೆ. ನಲ್ಲಿ ಒಮ್ಮೆ ನಿಲ್ಲಿಸಿ ತಿರುಗಿಸಿದರೆ ಆ ಎಣಿಕೆ ಮೊದಲಿಂದ ಶುರುವಾಗುತ್ತದೆ.

ಕರೆಂಟಿನ ಗತಿ ನೋಡಿ ಗ್ಯಾಸಿನದ್ದೇ ಹಾಕಿಸು ಅಂದವನು ನಾನೇ. ಎಲ್ಲಿ ಹಾಕಿಸಬೇಕು ಅನ್ನುವುದನ್ನು ಹೇಳಲಿಲ್ಲ. ಹಳೇ ಮನೆಯ ಹಂಡೆ ಒಲೆ ಎಷ್ಟು ಹೊಗೆ ಕಾರಿದರೂ ಹೆಂಚಿನ ಸಂದಿಯಲ್ಲೆಲ್ಲ ಗಾಳಿ ಆಡುತ್ತಿತ್ತು, ಯಾರಿಗೂ ಏನೂ ಆಗಲಿಲ್ಲ. ತಾರಸಿಯ ಬಚ್ಚಲಿಗೂ ಅದೇ ಧೈರ್ಯ ಇಟ್ಟುಕೊಂಡೆ, ಅದೇ ತಪ್ಪು. ಈಗ ಹೇಳುವುದು ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಕೇಳಿಸಬಹುದು, ಆದರೆ ಇನ್ನೂ ಸೂರೆಯಾಗಿಲ್ಲವಲ್ಲ.

ಗೀಸರನ್ನು ಹೊರಗೋಡೆಗೆ ಸಾಗಿಸಿ. ಪ್ಲಂಬರಿಗೆ ಅರ್ಧ ದಿನದ ಕೆಲಸ. ಬಿಸಿನೀರಿನ ಪೈಪು ಮಾತ್ರ ಗೋಡೆ ತೂರಿ ಒಳಗೆ ಬರಲಿ, ಅದು ಬಿಸಿ ತಡೆಯುವ ಸಿಪಿವಿಸಿ ಪೈಪು ಇರಲಿ, ಬಿಳಿ ಪಿವಿಸಿ ಬಿಸಿಗೆ ಬಾಗುತ್ತದೆ. ಗವಾಕ್ಷಿಯ ಕೆಳಗೆ ಮಾತ್ರ ಕೂರಿಸಬೇಡಿ, ಹೊರಗೆ ಹೋದ ವಿಷ ಅಲ್ಲಿಂದಲೇ ಒಳಗೆ ಬರುತ್ತದೆ. ನಿಮ್ಮ ಕಡೆಯ ಗಾಳಿಮಳೆಗೆ ಉರಿ ಆರಿಹೋಗುತ್ತದೆ, ಮೇಲೊಂದು ಶೀಟು, ಗಾಳಿ ಬೀಸುವ ಕಡೆ ಒಂದು ಮರೆ ಬೇಕು. ಹಾಗಂತ ಪೆಟ್ಟಿಗೆಯಂತೆ ಮುಚ್ಚಿಬಿಟ್ಟರೆ ಮತ್ತೆ ಅದೇ ಕಥೆ. ಸಿಲಿಂಡರಿನ ರಬ್ಬರ್ ಪೈಪು ಗ್ಯಾಸ್ ಕಂಪನಿಯವರು ಕೊಡುವ ಐಎಸ್‌ಐ ಗುರುತಿನ 'ಸುರಕ್ಷಾ' ಪೈಪೇ ಇರಲಿ, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸೇರಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿ.

ಎಕ್ಸಾಸ್ಟ್ ಫ್ಯಾನ್ ಹಾಕಿಸುತ್ತೇವೆ, ಸಾಕಲ್ಲ ಅಂತ ಅಳಿಯಂದಿರು ಅಂದರಂತೆ. ಅವರು ಬೇಸರ ಮಾಡಿಕೊಳ್ಳದಿರಲಿ, ಅದು ಸಾಲದು. ಬಾಗಿಲು ಭದ್ರವಾಗಿದ್ದು ಗಾಳಿ ಒಳಬರಲು ದಾರಿಯಿಲ್ಲದಿದ್ದರೆ, ಫ್ಯಾನು ಗೀಸರಿನ ತಲೆಯಿಂದ ಮೇಲೇಳಬೇಕಾದ ವಿಷಗಾಳಿಯನ್ನೇ ಕೆಳಕ್ಕೆ ಎಳೆಯುತ್ತದೆ. ಕರೆಂಟು ಹೋದರೆ ಫ್ಯಾನೂ ಇಲ್ಲ.

ಪ್ಲಂಬರು ಬರುವವರೆಗೆ ಹೀಗೆ ಮಾಡಿ: ಬಾಗಿಲು ತೆರೆದಿಟ್ಟು ಎರಡು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ರೆಗ್ಯುಲೇಟರನ್ನೂ ಮುಚ್ಚಿ, ಹತ್ತು ನಿಮಿಷ ಗಾಳಿಯಾಡಲು ಬಿಟ್ಟು ಆಮೇಲೆ ಪಾಪುವನ್ನು ಒಳಗೆ ಕಳಿಸು. ಮುಚ್ಚಳ ಮುಚ್ಚಿಟ್ಟರೆ ನೀರು ಅಷ್ಟು ಬೇಗ ಆರುವುದಿಲ್ಲ. ಗೀಸರ್ ಉರಿಯುತ್ತಿರುವಾಗ ಒಳಗೆ ಯಾರೂ ಇರಬಾರದು, ನೀನೂ ಕೂಡ. ಚಿಲಕ ಹಾಕುವುದು ಬೇಡ.

ಕಿಂಡಿಯಲ್ಲಿ ಇಣುಕಿ ಉರಿ ನೋಡು. ನೀಲಿ ಇರಬೇಕು. ತುದಿ ಹಳದಿಯಾಗಿದ್ದರೆ, ಮೇಲೆ ಮಸಿ ಕಟ್ಟಿದ್ದರೆ ಗಾಳಿ ಸಾಲುತ್ತಿಲ್ಲ ಅಂತಲೇ. ಮಲೆನಾಡಿನಲ್ಲಿ ಕೆಲವು ತಿಂಗಳು ಬಳಸದೆ ಬಿಟ್ಟ ಬರ್ನರಿನ ಕೊಳವೆಗಳಲ್ಲಿ ಜೇಡ ಬಲೆ ಕಟ್ಟುತ್ತದೆ, ಕಣಜ ಮಣ್ಣು ಮೆತ್ತುತ್ತದೆ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಬಿಚ್ಚಿ ಬ್ರಷ್ ಹಾಕಿಸಬೇಕು. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಒಳಗೆ ಸುಣ್ಣ ಕಟ್ಟುತ್ತದೆ, ನಿನಗೆ ಆ ಕಾಟವಿಲ್ಲ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಂತ ಬ್ಯಾಟರಿಯದು ಆನ್‌ಲೈನಿನಲ್ಲಿ ಸಿಗುತ್ತದೆ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಹೆಸರು ನೋಡಿ ತರಿಸು. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ ಇರಬೇಕು. ಕಾರ್ಬನ್ ಮಾನಾಕ್ಸೈಡ್ ಗಾಳಿಯಲ್ಲಿ ಬೆರೆಯುತ್ತದೆ, ಇದರ ಅಲಾರಂ ತಲೆಮಟ್ಟಕ್ಕೆ, ಬಚ್ಚಲ ಬಾಗಿಲ ಹೊರಗೆ ತೂಗುಹಾಕು. ಒಳಗೆ ಹಾಕಿದರೆ ಹಬೆಗೆ ಕೆಡುತ್ತದೆ. ಕರೆಂಟು ಹೋದಾಗ ಪಡಸಾಲೆಯಲ್ಲಿ ಜನರೇಟರ್ ಓಡಿಸುವುದು, ಚಳಿಗೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು, ಇವೂ ಅದೇ ವಿಷ.

ದೇವರು ಹಾಗೆ ಮಾಡದಿರಲಿ, ಇನ್ನೊಮ್ಮೆ ಯಾರಿಗಾದರೂ ತಲೆ ಸುತ್ತಿದರೆ ಮೊದಲು ಅಂಗಳಕ್ಕೆ ಎಳೆದುಕೊಂಡು ಬಾ, ಆಮೇಲೆ 108. ಮೀಟರ್ ಹುಡುಕುತ್ತಾ ಕೂರಬೇಡ. ಗ್ಯಾಸ್ ಸೋರಿದರೆ 1906.

ಪೊಲೀಸ್ ಅಂತ ವಿಡಿಯೊ ಕರೆ ಮಾಡಿದವನ ವಿಷಯ: ಫೋನಿನಲ್ಲೇ ಬಂಧಿಸಿದ್ದೇವೆ ಅಂತ ಹೆದರಿಸುವ ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ, ಫೋನ್ ಇಟ್ಟದ್ದು ಸರಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು. ಅದರ ಬಗ್ಗೆ ಎರಡು ಪುಟ ಬರೆದಿದ್ದೀಯ, ಪಾಪುವಿನ ಬಗ್ಗೆ ಎರಡು ಸಾಲು.

ಬೈದೆ ಅಂದುಕೊಳ್ಳಬೇಡ. ನಿನ್ನ ದೊಡ್ಡಮ್ಮ ಎದ್ದು ಬಂದು ಯಾಕೆ ಇನ್ನೂ ಮಲಗಿಲ್ಲ ಅಂದಳು. ಅವಳಿಗೆ ಇನ್ನೂ ಹೇಳಿಲ್ಲ. ಪ್ಲಂಬರಿನ ಖರ್ಚು ನಾನು ಕಳಿಸುತ್ತೇನೆ, ಬೇಡ ಅನ್ನಬಾರದು. ಈ ಕಾಗದ ತಲುಪುವ ಹೊತ್ತಿಗೆ ಗವಾಕ್ಷಿಯ ಗೋಣಿಚೀಲ ತೆಗೆದಿರಬೇಕು. ತೆಗೆದ ಮೇಲೆ ಫೋಟೊ ಕಳಿಸು.

ಇಂತಿ ನಿನ್ನ
ದೊಡ್ಡಪ್ಪ