ಮಾರುವ ಮುಂಚೆ ಬಂದೂಕಿಗೆ ಪಾಲಿಶ್ ಮಾಡಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಮಹಾನವಮಿ ಹತ್ತಿರ ಬಂತು. ಖಂಡೆ ಪೂಜೆಗೆ ನಮ್ಮ ಕಡೆ ಕುಡುಗೋಲು, ಕೊಡಲಿ, ಕೂರಿಗೆ ಎಲ್ಲ ತೊಳೆದು ಸಾಲಾಗಿ ಇಡುತ್ತಾರೆ. ಬಂದೂಕು ಇರುವ ಮನೆಯವರು ಅದನ್ನೂ ಹೊರಗೆ ತೆಗೆಯುತ್ತಾರೆ. ಹೇಗೂ ಹೊರಗೆ ತೆಗೆದಿದ್ದೇವೆ, ಸ್ವಲ್ಪ ಹೊಳಪು ಬರಲಿ ಅಂತ ಕೆಲವರು ಹುಬ್ಬಳ್ಳಿಗೆ ಒಯ್ಯುತ್ತಾರೆ. ಅಂಥವರು ಒಯ್ಯುವ ಮುಂಚೆ ಇದನ್ನು ಓದಲಿ ಅಂತ ಈ ಪತ್ರ.

ನಾವು ಹಾನಗಲ್ ತಾಲೂಕಿನವರು. ಭತ್ತ, ಗೋವಿನಜೋಳ, ಸ್ವಲ್ಪ ಮಾವು. ಅಪ್ಪನ ಹತ್ತಿರ ಒಂದು .315 ರೈಫಲ್ ಇತ್ತು (ಈ ಅಂಕಿ ನಳಿಗೆಯ ತೂತಿನ ಅಳತೆ, ಇಂಚಿನಲ್ಲಿ). ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯದು. ಮಿಲಿಟರಿಯ .303 ಜನಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ, ಅದಕ್ಕೇ ಆ .303ರ ಲೀ ಎನ್‌ಫೀಲ್ಡ್ ಮಾದರಿಯ ಬೋಲ್ಟ್ (ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಇಟ್ಟು ಬೇರೆ ತೋಟಾಕ್ಕೆ ಹೊಂದುವಂತೆ ಮಾಡಿದ ರೈಫಲ್ ಇದು. ಲೈಸೆನ್ಸ್ ಕೊಟ್ಟದ್ದು ಧಾರವಾಡದ ಡಿಸಿ ಕಚೇರಿ, ಆಗಿನ್ನೂ ಹಾವೇರಿ ಜಿಲ್ಲೆ ಆಗಿರಲಿಲ್ಲ. 1997ರ ನಂತರ ನವೀಕರಣ ಹಾವೇರಿಗೆ ಬಂತು. ಶಿಕಾರಿ ಅಂತೂ ವನ್ಯಜೀವಿ ಕಾನೂನಿನಿಂದ ನಿಂತಿದೆ. ಅಪ್ಪ ಅದನ್ನು ಬಳಸಿದ್ದು ಬೆಳೆ ಕಾಯಲು ಮಾತ್ರ. ಹಂದಿ ಹಿಂಡು ಗೋವಿನಜೋಳಕ್ಕೆ ನುಗ್ಗಿದ ರಾತ್ರಿ ಅಟ್ಟಣಿಗೆ ಮೇಲಿಂದ ಮುಗಿಲಿಗೆ ಒಂದು ಗುಂಡು ಹಾರಿಸುತ್ತಿದ್ದರು, ಅಷ್ಟೇ.

ಅಪ್ಪನಿಗೆ ಎಪ್ಪತ್ತಾರು ದಾಟಿತು, ಕಣ್ಣು ಮಂಜಾಯಿತು. ಅಣ್ಣನ ಹೆಸರಿಗೆ ಮಾಡೋಣ ಅಂದರೆ ಅವನ ಲೈಸೆನ್ಸಿನಲ್ಲಿ ಆಗಲೇ ಎರಡು ಬಂದೂಕು. ಮುಂಚೆ ಒಬ್ಬರು ಮೂರರ ತನಕ ಇಟ್ಟುಕೊಳ್ಳಬಹುದಿತ್ತು, 2019ರ ತಿದ್ದುಪಡಿ ಬಂದ ಮೇಲೆ ಎರಡೇ. ನನಗೆ ಲೈಸೆನ್ಸ್ ಇಲ್ಲ. ಹಾಗಾಗಿ ಮಾರುವುದು ಅಂತ ಆಯಿತು. ಎತ್ತು ಮಾರುವಾಗ ಮೈ ತೊಳೆದು, ಕೊಂಬು ಹೆರೆದು, ಬಣ್ಣ ಹಚ್ಚಿ ಸಂತೆಗೆ ಹೊಡೆದುಕೊಂಡು ಹೋಗುವುದು ನಮ್ಮ ರೂಢಿ ಅಲ್ವಾ? ಅಣ್ಣ ಬಂದೂಕಿಗೂ ಹಾಗೇ ಮಾಡೋಣ ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಅಪ್ಪನನ್ನೂ ಲೈಸೆನ್ಸ್ ಪುಸ್ತಕವನ್ನೂ ಕರೆದುಕೊಂಡು ಒಂದು ರಿಪೇರಿ ಅಂಗಡಿಗೆ ಹೋದ.

ಅಲ್ಲಿ ನಳಿಗೆಯನ್ನು ಬಫಿಂಗ್ ಚಕ್ರಕ್ಕೆ ಹಿಡಿದು ಹಳೆಯ ಕಪ್ಪು ಬಣ್ಣ ತೆಗೆದು, ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುವಂತೆ ನಿಕ್ಕಲ್ ಲೇಪ ಕೊಟ್ಟರು. ಬಟ್ಟಿನ, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗದ, ಮರಕ್ಕೆ ಮರಳು ಕಾಗದ ತಿಕ್ಕಿ ವಾರ್ನಿಶ್ ಹೊಡೆದರು. ಹಿಂದಿನಿಂದ ಎರಡು ಇಂಚು ಕೊಯ್ದು ರಬ್ಬರ್ ಪ್ಯಾಡ್ ಕೂರಿಸಿದರು. ಮುಂದೆ ಕೊಳ್ಳುವವರು ಗುರಿ ನೋಡುವ ದುರ್ಬೀನು ಹಾಕಿಕೊಳ್ಳಲಿ ಅಂತ ಮೇಲ್ಭಾಗಕ್ಕೆ ನಾಲ್ಕು ತೂತು ಕೊರೆದರು. ಮನೆಗೆ ತಂದಾಗ ನೋಡಲು ಚೆಂದವೇ ಇತ್ತು, ಸುಳ್ಳು ಹೇಳಲಾರೆ.

ಮಾರಲು ಹುಬ್ಬಳ್ಳಿಯ ಒಬ್ಬ ಡೀಲರ್ ಹತ್ತಿರ ಹೋದೆವು. ಅವರು ರೈಫಲ್ಲನ್ನು ಬೆಳಕಿಗೆ ಹಿಡಿದು ನೋಡಿದರು, ಬೋಲ್ಟ್ ತೆಗೆದು ನೋಡಿದರು, ಆಮೇಲೆ ಭೂತಗನ್ನಡಿ ಇಟ್ಟು ನಂಬರ್ ನೋಡಿದರು. “ಏನ್ ಮಾಡಿಬಿಟ್ರಿ ಅಣ್ಣಾರ? ಹೆಂಗಿತ್ತೋ ಹಂಗ ತಂದಿದ್ರ ಚೊಲೋ ರೇಟ್ ಬರ್ತಿತ್ತು” ಅಂದರು. ನಾವು ಅಂದುಕೊಂಡಿದ್ದರ ಅರ್ಧಕ್ಕೆ ಕೇಳಿದರು. ಕೆಲಸಕ್ಕೆ ಕೊಟ್ಟ ಹಣ ಬೇರೆ ಹೋಯಿತು. ಆದರೆ ಅವರು ಸುಮ್ನೆ ಬೆಲೆ ಇಳಿಸಲಿಲ್ಲ. ಅರ್ಧ ಗಂಟೆ ಕೂರಿಸಿಕೊಂಡು ಯಾಕೆ ಅಂತ ತೋರಿಸಿದರು. ಆ ಮಾತುಗಳನ್ನೇ ಇಲ್ಲಿ ನನಗೆ ತಿಳಿದಷ್ಟು ಬರೆಯುತ್ತೇನೆ.

ದೊಡ್ಡ ಪೆಟ್ಟು ನಂಬರಿನದು. ಬಫಿಂಗ್ ಹೊಡೆದಾಗ ಬಣ್ಣದ ಜೊತೆ ಲೋಹವೂ ಸವೆಯುತ್ತದೆ, ಕೊರೆದ ಅಕ್ಷರ ಅಂಕಿ ಮಾಸುತ್ತವೆ. ನಮ್ಮದರಲ್ಲಿ ಒಂದು ಅಂಕಿ ಮೂರೋ ಎಂಟೋ ಅಂತ ಬರಿಗಣ್ಣಿಗೆ ತಿಳಿಯದ ಹಾಗೆ ಆಗಿತ್ತು. 1959ರ ಶಸ್ತ್ರಾಸ್ತ್ರ ಕಾನೂನಿನ 8ನೇ ಕಲಮು ಬಂದೂಕಿನ ಹೆಸರು, ನಂಬರ್, ಗುರುತು ಯಾವುದನ್ನೂ ಅಳಿಸಬಾರದು, ತಿದ್ದಬಾರದು ಅನ್ನುತ್ತದೆ. ಅಷ್ಟೇ ಅಲ್ಲ, ಅಳಿಸಿದ ಬಂದೂಕು ಯಾರ ಹತ್ತಿರ ಸಿಗುತ್ತದೋ ಅವರೇ ಅಳಿಸಿದ್ದು ಅಂತ ಕಾನೂನು ಮೊದಲು ಹಿಡಿಯುತ್ತದೆ, ಅಲ್ಲ ಅಂತ ಅವರೇ ತೋರಿಸಿಕೊಡಬೇಕು. ಇಷ್ಟು ಗೊತ್ತಿರುವ ಯಾವ ಗಿರಾಕಿ ಮಾಸಿದ ನಂಬರಿನ ಬಂದೂಕು ಕೊಳ್ಳುತ್ತಾನೆ? ನಳಿಗೆ ಗಿಡ್ಡ ಮಾಡಿಸುವುದಂತೂ ಬೇಡವೇ ಬೇಡ. ಅದಕ್ಕೆ 6ನೇ ಕಲಮಿನ ಪ್ರಕಾರ ಬೇರೆ ಲೈಸೆನ್ಸೇ ಬೇಕು.

ಇನ್ನು ತೂತಿನ ಮಾತು. ದುರ್ಬೀನಿಗೆ ಹಾಕಿದ ದುಡ್ಡು ಬಂದೂಕಿನ ಬೆಲೆಗೆ ಸೇರುವುದಿಲ್ಲ. ಬೇಕಾದವರು ತಮಗೆ ಇಷ್ಟವಾದದ್ದನ್ನು ತಾವೇ ಹಾಕಿಕೊಳ್ಳುತ್ತಾರೆ, ಮಾರುವವರು ತಮ್ಮದನ್ನು ಬಿಚ್ಚಿ ಬೇರೆಯಾಗಿ ಮಾರಿದರೇ ಲಾಭ. ಆದರೆ ಕೊರೆದ ತೂತು ಬಂದೂಕಿನ ಜೊತೆಗೇ ಹೋಗುತ್ತದೆ. ಒಂದು ತೂತು ಸ್ವಲ್ಪ ವಾರೆ ಆದರೂ ದುರ್ಬೀನು ನೆಟ್ಟಗೆ ಕೂರುವುದಿಲ್ಲ. ಅಮೆರಿಕದಲ್ಲೂ ಇದೇ ಕಥೆಯಂತೆ. ಅಲ್ಲಿ 1964ಕ್ಕೆ ಮುಂಚಿನ ವಿಂಚೆಸ್ಟರ್ ಮಾಡೆಲ್ 70 ರೈಫಲ್‌ಗೆ ತುಂಬಾ ಬೇಡಿಕೆ, ಆದರೆ ಕಾರ್ಖಾನೆಯವರು ಕೊರೆಯದ ಒಂದು ತೂತು ಕಂಡರೂ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಅಗ್ಗಕ್ಕೆ ಸಿಕ್ಕ ಮಿಲಿಟರಿ ರೈಫಲ್‌ಗಳನ್ನು ಜನ ಕೊಯ್ದು, ತಿದ್ದಿ ಶಿಕಾರಿ ರೈಫಲ್ ಮಾಡಿಕೊಂಡರು. ಈಗ ನೋಡಿದರೆ ಮುಟ್ಟದೆ ಬಿಟ್ಟವುಗಳಿಗೇ ಜಾಸ್ತಿ ಬೆಲೆ.

ಕೊಯ್ದ ಬಟ್ ಕೂಡ ಹಾಗೇ. ಉದ್ದ ಕೈಯವರಿಗೆ ಅದು ಇನ್ನು ಹೊಂದುವುದಿಲ್ಲ. ಕೊಳ್ಳುವವರಿಗೆ ಲೈಸೆನ್ಸ್ ಇರಬೇಕು, ಆ ಲೈಸೆನ್ಸಿನಲ್ಲಿ ಜಾಗ ಇರಬೇಕು, .315 ಬೇಕು ಅನಿಸಬೇಕು. ಸೋಸಿದರೆ ಉಳಿಯುವವರೇ ಕೆಲವರು. ಅವರಲ್ಲೂ ಅರ್ಧ ಜನರನ್ನು ನಾವೇ ಗರಗಸ ಹಿಡಿದು ದೂರ ಮಾಡಿದ ಹಾಗಾಯಿತು.

ವಿದೇಶಿ ಬಂದೂಕು ಇರುವವರು ಇನ್ನೂ ಹುಷಾರಾಗಿರಬೇಕು. 1980ರ ದಶಕದಿಂದ ಜನಸಾಮಾನ್ಯರು ಹೊರಗಿಂದ ಬಂದೂಕು ತರಿಸುವುದು ನಿಂತಿದೆ. ಹಾಗಾಗಿ ಅಜ್ಜನ ಕಾಲದ ಇಂಗ್ಲೆಂಡಿನ ಬಂದೂಕಿಗೆ ಇಲ್ಲಿ ಒಳ್ಳೆಯ ಬೆಲೆ ಇದೆ. ಧಾರವಾಡದಲ್ಲಿ ನಮ್ಮ ಪರಿಚಯದವರೊಬ್ಬರ ಮನೆಯಲ್ಲಿ ವೆಬ್ಲಿ ಆಂಡ್ ಸ್ಕಾಟ್ ಜೋಡು ನಳಿಗೆ ಇತ್ತು. ಮರದ ಮೇಲೆ ಗೀರು, ನಳಿಗೆಯ ಬಣ್ಣ ಅಲ್ಲಲ್ಲಿ ಹಾರಿತ್ತು. ಆದರೆ ನಂಬರ್ ಸ್ಪಷ್ಟ, ಒಳಗೆ ತುಕ್ಕಿಲ್ಲ, ಹಳೆಯ ಚರ್ಮದ ಪೆಟ್ಟಿಗೆ, ಕೊಂಡಾಗಿನ ರಸೀದಿ ಎಲ್ಲ ಇತ್ತು. ಕೇಳಿದ ಬೆಲೆಗೆ ಹೋಯಿತು. ಹಳೆಯದಾಗಿ ಕಾಣುವುದು ಬಂದೂಕಿಗೆ ದೋಷ ಅಲ್ಲ. ರೈಫಲ್ ಆದರೆ ಡೀಲರ್ ಮೊದಲು ನೋಡುವುದು ನಳಿಗೆಯ ಒಳಗಿನ ಸುರುಳಿ ಗೆರೆಗಳನ್ನು, ಆಮೇಲೆ ಬೋಲ್ಟಿನ ನಂಬರ್ ಮೈಯ ನಂಬರಿಗೆ ಹೊಂದುತ್ತದೋ ಇಲ್ಲವೋ ಅಂತ. ಹೊಳಪು ಜಾಸ್ತಿ ಕಂಡರೆ ಅವರಿಗೆ ಅನುಮಾನವೇ ಬರುತ್ತದೆ, ಯಾವ ತುಕ್ಕು ಮುಚ್ಚಿದ್ದಾರೋ ಅಂತ.

ಆಮೇಲೆ ಹಾಕಿಸಿದ ಗುರುತು ಬೆಲೆ ಏರಿಸಿದ್ದೂ ಉಂಟು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಹೆಸರಾಂತ ಶಿಕಾರಿ ಜಿಮ್ ಕಾರ್ಬೆಟ್‌ಗೆ ಕೊಟ್ಟ, ಲಂಡನ್ನಿನ ರಿಗ್ಬಿ ಕಂಪನಿಯ ರೈಫಲ್ಲಿನ ಮರದ ಮೇಲೆ ಬೆಳ್ಳಿ ತಗಡಿದೆ, ಆ ತಗಡೇ ಅದರ ಗೌರವ. ಆದರೆ ಅದು ಕಾರ್ಬೆಟ್ ಬಂದೂಕು. ನಮ್ಮ ಮನೆತನದ ಹೆಸರನ್ನು ನಳಿಗೆ ಮೇಲೆ ಕೊರೆಸಿದರೆ ಬೇರೆಯವರಿಗೆ ಅದು ಗೀರು ಅಷ್ಟೇ.

ಹಾಗಂತ ಏನೂ ಮಾಡಿಸಬೇಡಿ ಅಂತ ಹೇಳುತ್ತಿಲ್ಲ. ಭುಜಕ್ಕೆ ನೋವಾದರೆ ಮೇಲಿಂದ ತೊಡಿಸುವ ರಬ್ಬರ್ ಚೀಲ ಸಿಗುತ್ತದೆ, ಕೊಯ್ಯಬೇಕಿಲ್ಲ. ಚರ್ಮದ ಪಟ್ಟಿ ಹಾಕಿ. ಮುರಿದದ್ದನ್ನು ಲೈಸೆನ್ಸ್ ಇರುವ ಅಂಗಡಿಯಲ್ಲೇ ರಿಪೇರಿ ಮಾಡಿಸಿ, ಬಿಚ್ಚಿದ ಹಳೆಯ ಸ್ಕ್ರೂವನ್ನೂ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ತೆಗೆದು ಮೊದಲಿನ ಹಾಗೆ ಮಾಡಬಹುದಾದ ಬದಲಾವಣೆ ಬೆಲೆಗೆ ಪೆಟ್ಟು ಕೊಡುವುದಿಲ್ಲ. ಖಂಡೆ ಪೂಜೆಯಲ್ಲಿ ಹಸಿ ಕುಂಕುಮ, ವಿಭೂತಿ ಹಚ್ಚಿದ ಬಂದೂಕನ್ನು ಅದೇ ದಿನ ಒರೆಸಿ ಎಣ್ಣೆ ಹಚ್ಚಿಡಿ, ರಾತ್ರಿ ಕಳೆದರೆ ತುಕ್ಕು ಹಿಡಿಯುತ್ತದೆ. ಚುನಾವಣೆಗೆ ಠಾಣೆಯಲ್ಲಿ ಇಟ್ಟು ವಾಪಸ್ ತಂದ ದಿನವೂ ಇಷ್ಟು ಮಾಡಿ.

ರಿಪೇರಿ ಅಂಗಡಿಯವರಿಗೂ ಒಂದು ಮಾತು. ಚಕ್ರಕ್ಕೆ ಹಿಡಿಯುವ ಮುಂಚೆ, ಕೊರೆಯುವ ಮುಂಚೆ, ಇದರಿಂದ ಮಾರುವ ಬೆಲೆ ಬೀಳುತ್ತದೆ ಅಂತ ಬಂದವರಿಗೆ ಹೇಳಿ. ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಅಲ್ಲಿಂದಲೇ ತಿರುಗಿ ಬರುತ್ತಿದ್ದರು. ಡೀಲರ್ ಅಂಗಡಿಯಿಂದ ವಾಪಸ್ ಬರುವಾಗ ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವರು ಶಿಗ್ಗಾಂವಿ ದಾಟುವ ತನಕ ಒಂದು ಮಾತೂ ಆಡಲಿಲ್ಲ.

ಕೊನೆಗೆ ಲೈಸೆನ್ಸ್ ಇದ್ದ ಒಬ್ಬ ರೈತರು ಮುಂದೆ ಬಂದರು. ಖಾಸಗಿಯಾಗಿ ಮಾರುವುದಾದರೆ ಮೊದಲೇ ಬರೆದು ತಿಳಿಸಿ 45 ದಿನ ಕಾಯಬೇಕು. ಡಿಸಿ ಕಚೇರಿಗೆ ತಿಳಿಸಿ ಕಾದೆವು. ಲೈಸೆನ್ಸ್ ಪುಸ್ತಕದಲ್ಲಿ ನಂಬರ್ ಸರಿಯಾಗಿ ಬರೆದಿದ್ದರಿಂದ ಮಾಸಿದ ಅಂಕಿಯ ತೊಡಕೂ ಹೇಗೋ ಬಗೆಹರಿಯಿತು. ಒಯ್ಯುವ ದಿನ ಅವರು ಬಟ್ಟನ್ನು ಭುಜಕ್ಕಿಟ್ಟು ನೋಡಿ, “ಕೊಯ್ದ ತುಂಡು ಇದ್ರ ಕೊಡ್ರಿ, ನಮ್ಮ ಬಡಿಗ್ಯಾ ಕೂಡಿಸ್ತಾನ” ಅಂದರು. ಅಪ್ಪ ಅಣ್ಣನ ಮುಖ ನೋಡಿದರು. ತುಂಡು ರಿಪೇರಿ ಅಂಗಡಿಯಲ್ಲೇ ಉಳಿದಿತ್ತು.

ಇತಿ,
ಒಬ್ಬ ರೈತ ಓದುಗ
ಹಾನಗಲ್ ತಾಲೂಕು, ಹಾವೇರಿ ಜಿಲ್ಲೆ