ಓದುವವರಿಲ್ಲದ ಪತ್ರಿಕೆಗೆ ಕೋರ್ಟ್ ನೋಟೀಸು

ಮಾನ್ಯ ಸಂಪಾದಕರೇ,

ಕೋರ್ಟ್ ನೋಟೀಸುಗಳು ಯಾರ ಕಣ್ಣಿಗೂ ಬೀಳದ ಪತ್ರಿಕೆಗಳ ಪಾಲಾಗುತ್ತಿವೆ ಎಂದು ಮೊನ್ನೆ ಬರೆದಿದ್ದೀರಿ. ‘ಎಲ್ಲ ನಿಯಮದಂತೆಯೇ ನಡೆದಿದೆ’ ಎಂದು ಸಂಬಂಧಪಟ್ಟವರು ಕೊಟ್ಟ ಉತ್ತರ ಓದಿ ಮೈ ಉರಿದುಹೋಯಿತು. ನಿಯಮದಂತೆ ನಡೆದದ್ದರ ಫಲ ಉಣ್ಣುತ್ತಿರುವವನು ನಾನು.

ಬೆಳೆಸಾಲ ನವೀಕರಣಕ್ಕೆಂದು ಪಹಣಿ ತೆಗೆಸಿದರೆ 11ನೇ ಕಲಂನಲ್ಲಿ ಯಾವುದೋ ಓ.ಎಸ್. ನಂಬರು, ಅಂದರೆ ಸಿವಿಲ್ ದಾವೆಯ ಸಂಖ್ಯೆ. ಕಂದಾಯದವರನ್ನು ಕೇಳಿದರೆ ‘ಕೋರ್ಟಿಗೆ ಹೋಗಿ ಕೇಳ್ರಿ’. ಸೊಸೈಟಿಯವರು ‘ಕೇಸು ಮುಗಿಸಿಕೊಂಡು ಬನ್ನಿ’. ದಾಯಾದಿಗಳು ಬೇರೆ ತಾಲ್ಲೂಕಿನಲ್ಲಿ ಪಾಲುದಾವೆ ಹಾಕಿದ್ದಾರೆ. ಸ್ವತ್ತಿನ ಒಂದು ತುಂಡು ಅಲ್ಲಿರುವುದರಿಂದ ಅಲ್ಲೇ ಹಾಕಬಹುದಂತೆ, ಇರಲಿ. ನಾನು ಹಾಜರಾಗಲಿಲ್ಲವೆಂದು ಎಕ್ಸ್‌ಪಾರ್ಟಿ (ಏಕಪಕ್ಷೀಯ) ಮಾಡಿ ಡಿಕ್ರಿಯೂ, ಅಂದರೆ ತೀರ್ಪೂ, ಆಗಿ ಕೂತಿದೆ.

ನಕಲು ತೆಗೆಸಿ ನೋಡಿದೆ. ಅಂಚೆ ಲಕೋಟೆಯ ಮೇಲೆ ‘ಬಾಗಿಲು ಬೀಗ’. ಸಮನ್ಸು ತಲುಪಿಸುವ ಕೋರ್ಟಿನ ಅಮೀನರ ಷರಾ: ‘ಪ್ರತಿವಾದಿ ಊರಲ್ಲಿ ಇರುವುದಿಲ್ಲ, ವಿಚಾರಿಸಲಾಗಿ ಎಲ್ಲಿರುವರೋ ತಿಳಿದುಬರಲಿಲ್ಲ’. ಯಾರನ್ನು ವಿಚಾರಿಸಿದರೋ! ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕುವವನು ನಾನು. ನೀರಗಂಟಿಗೂ ಗೊತ್ತು, ರೇಷನ್ ಅಂಗಡಿಯವನಿಗೂ ಗೊತ್ತು, ಮತ ಕೇಳಲು ಬರುವವರಿಗಂತೂ ರಾತ್ರಿ ಹನ್ನೊಂದಕ್ಕೂ ನನ್ನ ಮನೆ ಸಿಗುತ್ತದೆ.

ಆಳು ಸಿಗಲಿಲ್ಲವೆಂದು ಆಮೇಲೆ ಪತ್ರಿಕೆಯಲ್ಲಿ ನೋಟೀಸು. ಪತ್ರಿಕೆಯ ಹೆಸರು ಬೇಡ, ಹೇಳಿದರೂ ನಿಮಗೆ ತಿಳಿಯುವುದಿಲ್ಲ. ಮೂರು ಬೆರಳಗಲದ ಕಾಲಂ, ಮೇಲೆ ವಶೀಕರಣದ ಜ್ಯೋತಿಷಿ, ಕೆಳಗೆ ಬೋರ್‌ವೆಲ್ ಜಾಹೀರಾತು. ನಡುವೆ ‘ತಪ್ಪಿದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು’ ಎಂದು ನನಗೆ ಬೆದರಿಕೆ. ನಮ್ಮಪ್ಪನ ಹೆಸರು ತಪ್ಪು, ಚಕ್ಕುಬಂದಿಯಲ್ಲಿ (ಜಮೀನಿನ ನಾಲ್ಕು ಗಡಿ) ಪೂರ್ವಕ್ಕೆ ಇರುವ ಓಣಿ ಪಶ್ಚಿಮಕ್ಕೆ ಹೋಗಿದೆ. ಮಧುಗಿರಿ, ಪಾವಗಡ ಕಡೆಯ ನಮ್ಮಂಥ ಹಳ್ಳಿಗಳಿಗೆ ದೊಡ್ಡ ಪತ್ರಿಕೆಗಳೇ ಬಸ್ಸು ಬಂದರೆ ಬಂದವು. ಜಾಹೀರಾತು ಸಿಕ್ಕ ದಿನ ಮಾತ್ರ ಅಚ್ಚಾಗುವ ಆ ಪತ್ರಿಕೆ ಬಹುಶಃ ನಮ್ಮ ಕಡೆ ಇನ್ನೂ ಹಳಿ ಹಾಕುತ್ತಲೇ ಇರುವ ತುಮಕೂರು–ರಾಯದುರ್ಗ ರೈಲಿನಲ್ಲಿ ಬರುತ್ತದೇನೋ, ಮುಗಿಯಲಿ, ಕಾಯುತ್ತೇನೆ.

ನಿಯಮ ಅಂದರಲ್ಲ, ಅದನ್ನೂ ಓದಿಸಿಕೊಂಡೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮಕ್ಕೆ 1976ರ ತಿದ್ದುಪಡಿಯಲ್ಲಿ (1ಎ) ಎಂದು ಸೇರಿಸಿದ್ದಾರೆ. ಪ್ರತಿವಾದಿ ಕೊನೆಯದಾಗಿ ವಾಸವಿದ್ದ ಅಥವಾ ದುಡಿಯುತ್ತಿದ್ದ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲೇ ಪ್ರಕಟಿಸಬೇಕು ಎಂದಿದೆ. ದಾವೆ ಹಾಕಿದವನ ಊರಿನ ಪತ್ರಿಕೆ ಅಂದಿಲ್ಲ, ಅಗ್ಗಕ್ಕೆ ಸಿಕ್ಕಿದ್ದು ಅಂತಲೂ ಇಲ್ಲ. ಹೀಗೆ ಬದಲಿ ದಾರಿಯಲ್ಲಿ ಜಾರಿಯಾದ ಸಮನ್ಸು ಕೈಗೆ ಕೊಟ್ಟದ್ದಕ್ಕೆ ಸಮ ಎಂದೂ ಅದೇ 20ನೇ ನಿಯಮ ಹೇಳುತ್ತದೆ. 1963ರ ಕಾಲಮಿತಿ ಕಾಯ್ದೆಯ 123ನೇ ಪರಿಚ್ಛೇದ ಮಾತ್ರ, ಅಂಥ ಜಾರಿಯನ್ನು ಸರಿಯಾದ ಜಾರಿ ಎಂದು ಲೆಕ್ಕಿಸಬೇಡಿ, ಏಕಪಕ್ಷೀಯ ಡಿಕ್ರಿ ರದ್ದು ಮಾಡಿ ಎಂದು ಕೇಳಲು ಡಿಕ್ರಿ ವಿಷಯ ತಿಳಿದ ದಿನದಿಂದ 30 ದಿನ ಕೊಡಿ ಅನ್ನುತ್ತದೆ. ಅದೊಂದು ಎಳೆ ಹಿಡಿದುಕೊಂಡು ಈಗ ಅರ್ಜಿ ಹಾಕಿದ್ದೇನೆ. ವಕೀಲರ ಫೀಸು, ಟೈಪಿಂಗು, ನಕಲಿನ ಶುಲ್ಕ, ಬಸ್ಸು ಎಲ್ಲ ನನ್ನದೇ. ನೆಲಗಡಲೆ ಬಿತ್ತನೆ ಹೊತ್ತಿನಲ್ಲಿ ಕೋರ್ಟಿನ ಕಟ್ಟೆ ಮೇಲೆ ಕೂತಿರುವವನೂ ನಾನೇ. ಸಾಲ ಕೊಟ್ಟ ಬ್ಯಾಂಕು ಮನೆ ಸ್ವಾಧೀನಕ್ಕೆ ತಗೊಂಡರೆ 2002ರ ನಿಯಮದಲ್ಲಿ ನೋಟೀಸಿಗೆ ಎರಡು ಪ್ರಮುಖ ಪತ್ರಿಕೆ, ಒಂದು ಸ್ಥಳೀಯ ಭಾಷೆಯದು, ಅಲ್ಲಿ ಸಾಕಷ್ಟು ಪ್ರಸಾರ ಇರುವಂಥದ್ದು ಅಂತಿದೆಯಂತೆ. ಸುಸ್ತಿದಾರನಿಗಿರುವ ಮರ್ಯಾದೆಯೂ ನನಗಿಲ್ಲ.

‘ಇ-ಕೋರ್ಟ್ಸ್ ಆ್ಯಪಿನಲ್ಲಿ ನೋಡಿಕೊಳ್ಳಬಹುದಿತ್ತಲ್ಲಾ’ ಎಂದ ಒಬ್ಬ ಗುಮಾಸ್ತ. ಹೌದು ಸ್ವಾಮಿ, ಬೆಳಿಗ್ಗೆ ಹಾಲು ಕರೆದ ಮೇಲೆ ನನ್ನ ಮೇಲೆ ಇವತ್ತು ಯಾರಾದರೂ ಕೇಸು ಹಾಕಿದ್ದಾರಾ ಎಂದು ನೋಡಿಯೇ ಕಾಫಿ ಕುಡಿಯಬೇಕು!

ಇಷ್ಟಕ್ಕೂ ಈ ದಾವೆಗೆ ಮೂಲವೇ ಸರ್ವೆಯವರು. ನಮ್ಮಪ್ಪ ಬದುಕಿದ್ದಾಗ ಕೊಟ್ಟ ಪೋಡಿ ಅರ್ಜಿ (ಜಮೀನು ಅಳೆದು ಪಾಲು ಬೇರ್ಪಡಿಸಿಕೊಡಿ ಎಂದು) ಇನ್ನೂ ಹಾಗೇ ಇದೆ. ಸರ್ವೆಯರು ಬದಲಾದರು, ತಹಶೀಲ್ದಾರರು ಬದಲಾದರು, ಕಚೇರಿಗೆ ಹೊಸ ಬಣ್ಣವೂ ಬಂತು, ಕಡತ ಮಾತ್ರ ‘ಹುಡುಕಿಸುತ್ತೇವೆ’. ಅವತ್ತೇ ಅಳತೆ ಮಾಡಿ ಕಲ್ಲು ನೆಟ್ಟಿದ್ದರೆ ಯಾವ ದಾಯಾದಿ ಕೋರ್ಟಿಗೆ ಹೋಗುತ್ತಿದ್ದ? ಲಂಚದ ಮಾತು ಎತ್ತುವುದಿಲ್ಲ, ನೀವು ಅಚ್ಚು ಹಾಕುವುದಿಲ್ಲ ಎಂದು ಗೊತ್ತು.

ಜಿಲ್ಲಾಡಳಿತವೋ, ವಾರ್ತಾ ಇಲಾಖೆಯೋ, ನ್ಯಾಯಾಂಗದ ಹಿರಿಯರೋ, ಯಾರಿಗೆ ಸೇರಿದ್ದೋ ಅವರು ಕಣ್ಣು ಬಿಡಲಿ. ಜನ ಓದುವ ಪತ್ರಿಕೆಯಲ್ಲೇ ನೋಟೀಸು ಬರಲಿ, ಇಲ್ಲವೇ ಈ ಪತ್ರಿಕೆ ನಾಟಕವನ್ನೇ ಬಿಟ್ಟು ಪಂಚಾಯ್ತಿ ಗೋಡೆಗೆ ಅಂಟಿಸಿ ಟಾಂಟಾಂ ಹೊಡೆಸಲಿ. ಸುಳ್ಳು ಷರಾ ಬರೆದವರನ್ನೂ ಕೇಳುವವರು ಬೇಕು. ಆ ಪೋಡಿ ಕಡತ ಸಿಕ್ಕರೆ ನನಗೊಂದು ಮಾತು ಹೇಳಿ ಕಳಿಸಲಿ, ಪತ್ರಿಕೆಯಲ್ಲಿ ಹಾಕಿಸುವುದು ಬೇಡ.

– ನೊಂದ ರೈತ, ತುಮಕೂರು ಜಿಲ್ಲೆ